ಆಡುವ ಮಗುವಿಗೆ ಆಸರೆ ಯಾರು?

ಮಳೆಗಾಲದ ನಡುವೆ ಕಮಲಾಪುರ ಸೀಮೆಯ ಶಾಲೆಗಳ ಅಂಗಳದಲ್ಲಿ ಸೀಟಿಯ ಸದ್ದು ಕೇಳತೊಡಗುತ್ತದೆ. ಕ್ಲಸ್ಟರ್, ವಲಯ, ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ ಎಂದು ಮೆಟ್ಟಿಲು ಮೆಟ್ಟಿಲಾಗಿ ಏರುವ ಶಾಲಾ ಕ್ರೀಡಾಕೂಟಗಳ ಕಾಲವದು. ಬರಿಗಾಲಲ್ಲಿ ಓಡಲು ಕಲಿತ ಮಗುವಿಗೆ ಕಲಬುರಗಿಯ ಚಂದ್ರಶೇಖರ ಪಾಟೀಲ ಕ್ರೀಡಾಂಗಣ ದೂರದ ಕನಸು. ಆ ಕನಸಿನತ್ತ ಇಡುವ ಮೊದಲ ಹೆಜ್ಜೆಯೇ ಪ್ರವೇಶಪತ್ರ.

ಈ ಪ್ರವೇಶಪತ್ರದಲ್ಲಿ ಏನೇನು ಕೇಳಲಾಗುತ್ತದೆ? ಜನ್ಮದಿನಾಂಕ, ಶಾಲಾ ದಾಖಲಾತಿಯ ವಿವರ, ಭಾವಚಿತ್ರ, ಮುಖ್ಯೋಪಾಧ್ಯಾಯರ ಸಹಿ ಮತ್ತು ಮೊಹರು. ಮಗು 14 ವರ್ಷದೊಳಗಿನದೋ 17 ವರ್ಷದೊಳಗಿನದೋ ಎಂಬುದರ ಬಗ್ಗೆ ಕಟ್ಟುನಿಟ್ಟಾದ ಪರಿಶೀಲನೆ ನಡೆಯುತ್ತದೆ. ವಯಸ್ಸು ಮುಚ್ಚಿಟ್ಟು ಆಡಿಸುವ ಚಾಳಿ ಇರುವುದರಿಂದ ಇದು ಅಗತ್ಯವೇ. ಆದರೆ ಈ ನಿಯಮಗಳೆಲ್ಲ ಕಾಯುವುದು ಪಂದ್ಯದ ನ್ಯಾಯವನ್ನು. ಪಂದ್ಯ ಆಡುವ ಮಗುವಿನ ಮೈಯನ್ನು ಕಾಯುವವರು ಯಾರು? ಕಬಡ್ಡಿಯಲ್ಲಿ ಮೊಣಕಾಲು ತಿರುಚಿಕೊಂಡರೆ, ಉದ್ದ ಜಿಗಿತದಲ್ಲಿ ಮುಂಗೈ ಮುರಿದರೆ ಮುಂದಿನ ಹೊಣೆ ಯಾರದು?

ಅವಘಡಗಳು ಅಪರೂಪ ಎಂಬ ಸಮಾಧಾನವನ್ನು ಸಂಘಟಕರು ಹೇಳಿಕೊಳ್ಳುವುದುಂಟು. 2019ರ ಅಕ್ಟೋಬರಿನಲ್ಲಿ ಕೇರಳದ ಪಾಲಾ ಪಟ್ಟಣದಲ್ಲಿ ನಡೆದ ರಾಜ್ಯ ಕಿರಿಯರ ಅಥ್ಲೆಟಿಕ್ ಕೂಟದಲ್ಲಿ ಸ್ವಯಂಸೇವಕನಾಗಿ ನಿಂತಿದ್ದ ಹನ್ನೊಂದನೇ ತರಗತಿಯ ಬಾಲಕನ ತಲೆಗೆ ಎಸೆತದ ಹ್ಯಾಮರ್ ಬಡಿಯಿತು. ಕೆಲವು ದಿನಗಳ ಬಳಿಕ ಆತ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದ. ಅಂದು ಆತ ಸ್ಪರ್ಧಿಯೂ ಆಗಿರಲಿಲ್ಲ. ಅಪರೂಪದ ಅವಘಡವೂ ಅದಕ್ಕೆ ಸಿಲುಕಿದ ಮನೆಗೆ ಅಪರೂಪವಲ್ಲ. ಅದೇ ಅದರ ಸರ್ವಸ್ವ.

ನಮ್ಮಲ್ಲಿ ವಿಮೆಯ ಯೋಜನೆಗಳಿಲ್ಲವೆಂದಲ್ಲ. ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯಲ್ಲಿ ವರ್ಷಕ್ಕೆ 20 ರೂಪಾಯಿ ಕಂತು ಕಟ್ಟಿದರೆ 2 ಲಕ್ಷ ರೂಪಾಯಿವರೆಗಿನ ಅಪಘಾತ ವಿಮೆ ದೊರೆಯುತ್ತದೆ. ಆದರೆ ಅದು 18ರಿಂದ 70 ವರ್ಷದವರಿಗೆ ಮಾತ್ರ. ಗದ್ದುಗೆಯ ಮೇಲೆ ಕುಳಿತು ಪಂದ್ಯ ಉದ್ಘಾಟಿಸುವವರು ಅದರ ವ್ಯಾಪ್ತಿಗೆ ಬರಬಹುದು, ಅಂಕಣದಲ್ಲಿ ಓಡುವ ಮಗು ಬರದು. 2020ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರವು 13 ಸಾವಿರಕ್ಕೂ ಹೆಚ್ಚು ಕ್ರೀಡಾಪಟುಗಳು ಮತ್ತು ತರಬೇತುದಾರರಿಗೆ 5 ಲಕ್ಷ ರೂಪಾಯಿಯ ಆರೋಗ್ಯ ವಿಮೆಯನ್ನೂ 25 ಲಕ್ಷ ರೂಪಾಯಿಯ ಅಪಘಾತ ವಿಮೆಯನ್ನೂ ಪ್ರಕಟಿಸಿತು. ಸ್ವಾಗತಾರ್ಹ ಕ್ರಮ. ಆದರೆ ಈ ನೆರಳು ಸಿಗುವುದು ಮೆಟ್ಟಿಲುಗಳನ್ನು ಹತ್ತಿ ಮೇಲೆ ತಲುಪಿದವರಿಗೆ. ಮೊದಲ ಮೆಟ್ಟಿಲಲ್ಲೇ ಬಿದ್ದ ಮಗುವಿಗೆ ಅಲ್ಲ.

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯು 2018ರಿಂದ ಬಿಪಿಎಲ್ ಕುಟುಂಬಗಳಿಗೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಯ ಭರವಸೆ ನೀಡಿದೆ. ಶಸ್ತ್ರಚಿಕಿತ್ಸೆ ಬೇಕಾದಾಗ ಇದು ನಿಜಕ್ಕೂ ಆಸರೆಯೇ. ಆದರೆ ಶಾಶ್ವತ ಅಂಗವೈಕಲ್ಯಕ್ಕೆ ಅದು ಪರಿಹಾರ ನೀಡುವುದಿಲ್ಲ. ಮಗುವಿನ ಹಾಸಿಗೆಯ ಪಕ್ಕ ಕುಳಿತ ತಾಯಿ ಕಳೆದುಕೊಂಡ ಕೂಲಿಯನ್ನೂ ತುಂಬಿಕೊಡುವುದಿಲ್ಲ. ಚಿಕಿತ್ಸೆಯ ಯೋಜನೆಯೇ ಬೇರೆ, ಅಪಘಾತ ವಿಮೆಯೇ ಬೇರೆ.

ಅಪಾಯವು ಅಂಕಣದ ಗೆರೆಯೊಳಗೆ ಮಾತ್ರ ಇರುವುದಿಲ್ಲ. ಬಸ್ಸಿನ ವೇಳೆ ಹೊಂದದ ಹಳ್ಳಿಗಳಿಂದ ಸರಕು ಸಾಗಿಸುವ ಟೆಂಪೊಗಳಲ್ಲಿ ಮಕ್ಕಳನ್ನು ಪಂದ್ಯಕ್ಕೆ ಒಯ್ಯುವುದು ನಮ್ಮ ಭಾಗದಲ್ಲಿ ಹೊಸದೇನಲ್ಲ. ಸರಕು ವಾಹನದಲ್ಲಿ ಉಚಿತವಾಗಿ ಸಾಗುವವರಿಗೆ ಆದ ಹಾನಿಯನ್ನು ತುಂಬಿಕೊಡುವ ಹೊಣೆ ಆ ವಾಹನದ ವಿಮಾ ಕಂಪೆನಿಯದಲ್ಲ ಎಂದು ಸುಪ್ರೀಂ ಕೋರ್ಟು ಆಶಾರಾಣಿ ಪ್ರಕರಣದಲ್ಲಿ 2002ರಲ್ಲೇ ಹೇಳಿದೆ. ಹಾಗಾದರೆ ಟೆಂಪೊ ಮಗುಚಿದಾಗ ಮಗುವಿನ ಪಾಲಿಗೆ ಉಳಿಯುವುದೇನು?

ಪೋಷಕರಿಂದ ಒಪ್ಪಿಗೆ ಪತ್ರ ಬರೆಸಿಕೊಂಡರೆ ಹೊಣೆ ಕಳಚಿತೆಂದು ಭಾವಿಸುವುದೂ ತಪ್ಪು. 1995ರಲ್ಲಿ ಪ್ರವಾಸಕ್ಕೆ ಹೋಗಿದ್ದ ಪಂಜಾಬಿನ ಶಾಲೆಯೊಂದರ 14 ಮಕ್ಕಳು ಬಿಯಾಸ್ ನದಿಯಲ್ಲಿ ಮುಳುಗಿದರು. ತಲಾ 5 ಲಕ್ಷ ರೂಪಾಯಿ ಪರಿಹಾರ ನೀಡಬೇಕೆಂಬ ಹೈಕೋರ್ಟಿನ ಆದೇಶವನ್ನು ಸುಪ್ರೀಂ ಕೋರ್ಟು 2001ರಲ್ಲಿ ಎತ್ತಿಹಿಡಿಯಿತು. ಶಾಲೆ ಕರೆದೊಯ್ದ ಮಗುವಿನ ರಕ್ಷಣೆ ಶಾಲೆಯದೇ ಎಂಬುದು ಅದರ ಸಾರ. ಆದರೆ ನ್ಯಾಯ ಸಿಗಲು ಆರು ವರ್ಷ ಹಿಡಿಯಿತು. ಕಮಲಾಪುರದ ಕೂಲಿಕಾರ ತಂದೆ ಆರು ವರ್ಷ ದಿಲ್ಲಿಯವರೆಗೆ ಅಲೆಯಬಲ್ಲನೇ? ಅಲೆದಾಟ ತಪ್ಪಿಸುವ ಸಲುವಾಗಿಯೇ ವಿಮೆ ಬೇಕು.

ನೆರೆಯ ಮಹಾರಾಷ್ಟ್ರ ಇದಕ್ಕೊಂದು ದಾರಿ ಕಂಡುಕೊಂಡಿದೆ. ಅಲ್ಲಿ 1ರಿಂದ 12ನೇ ತರಗತಿಯವರೆಗಿನ ವಿದ್ಯಾರ್ಥಿಗಳಿಗೆ ರಾಜೀವ್ ಗಾಂಧಿ ಹೆಸರಿನ ಅಪಘಾತ ಸುರಕ್ಷಾ ಯೋಜನೆಯಿದೆ. ಮೊದಲು ವಿಮಾ ಕಂಪೆನಿಗಳ ಮೂಲಕ ನಡೆಯುತ್ತಿದ್ದ ಅದನ್ನು ಸರ್ಕಾರವೇ ನೇರ ಸಹಾಯಧನವಾಗಿ ಮಾರ್ಪಡಿಸಿತು. ಅಕ್ಕಲಕೋಟೆಯ ಕನ್ನಡ ಶಾಲೆಯ ಮಗುವೂ ಅದರ ವ್ಯಾಪ್ತಿಗೆ ಬರುತ್ತದೆ. ಜಪಾನಿನಲ್ಲಂತೂ 1960ರಿಂದ ಶಾಲಾ ಅವಘಡಗಳಿಗೆ ಪರಸ್ಪರ ಸಹಾಯ ನಿಧಿಯ ವ್ಯವಸ್ಥೆಯಿದ್ದು, ಶಾಲೆ ನಡೆಸುವವರೂ ಪೋಷಕರೂ ಕಂತನ್ನು ಹಂಚಿಕೊಳ್ಳುತ್ತಾರೆ. ಆಟದ ಮೈದಾನವೂ ಶಾಲೆಗೆ ಹೋಗಿಬರುವ ದಾರಿಯೂ ಅದರೊಳಗೆ ಸೇರಿವೆ.

ಇಲ್ಲೊಂದು ಎಚ್ಚರಿಕೆ ಅಗತ್ಯ. ವಿಮೆ ಕಡ್ಡಾಯವೆಂದ ಕೂಡಲೇ ಅದನ್ನು ಪ್ರವೇಶಪತ್ರದ ಮತ್ತೊಂದು ಲಗತ್ತಾಗಿ ಪೋಷಕರ ಹೆಗಲಿಗೆ ಹೊರಿಸುವುದು ನಮ್ಮ ಕಚೇರಿಗಳ ರೂಢಿ. ಹಾಗಾದರೆ ಮೊದಲು ಹೊರಗುಳಿಯುವವರು ಬಡವರ ಮಕ್ಕಳು, ಅವರಲ್ಲೂ ಹೆಣ್ಣುಮಕ್ಕಳು. ‘ಇಷ್ಟೆಲ್ಲ ಕಾಗದ ಯಾಕೆ, ಆಟವೇ ಬೇಡ’ ಎನ್ನಲು ಮನೆಯವರಿಗೆ ಒಂದು ನೆಪ ಸಾಕು. ಮಗುವನ್ನು ಕಾಯಬೇಕಾದ ನಿಯಮವೇ ಮಗುವನ್ನು ಅಂಕಣದಿಂದ ದೂಡಬಾರದು. ಆದ್ದರಿಂದ ಷರತ್ತು ಮಗುವಿನ ಮೇಲಲ್ಲ, ಕೂಟ ನಡೆಸುವವರ ಮೇಲೆ ಇರಬೇಕು.

ಮಾಡಬೇಕಾದದ್ದು ಅಸಾಧ್ಯವೇನಲ್ಲ. ಶಾಲಾ ಕ್ರೀಡಾಕೂಟಗಳ ಸ್ಪರ್ಧಿಗಳನ್ನೂ ಸ್ವಯಂಸೇವಕರನ್ನೂ ಮನೆಯಿಂದ ಹೊರಟು ಮನೆ ಸೇರುವವರೆಗೆ ಒಳಗೊಳ್ಳುವ ಗುಂಪು ಅಪಘಾತ ವಿಮೆಯನ್ನು ಸರ್ಕಾರವೇ ಮಾಡಿಸಬೇಕು. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ 2023–24ರ ಮುಂಗಡಪತ್ರದಲ್ಲಿ 5,000 ಕೋಟಿ ರೂಪಾಯಿ ಘೋಷಿಸಲಾಗಿತ್ತು. ಅಂಥ ಗಾತ್ರದ ಅನುದಾನದಲ್ಲಿ ಈ ಕಂತು ದೊಡ್ಡ ಹೊರೆಯಾಗದು. ಕೇಂದ್ರದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ 2013ರಿಂದ ಸರ್ಕಾರಿ ಶಾಲೆಗಳ ಮಕ್ಕಳ ಆರೋಗ್ಯ ತಪಾಸಣೆ ನಡೆಯುತ್ತಿದೆ. ಅದನ್ನು ಕ್ರೀಡಾಕೂಟಗಳಿಗೆ ಮುನ್ನವೇ ಮುಗಿಸಿದರೆ ಎದೆಯ ದೋಷ, ರಕ್ತಹೀನತೆ ಮೊದಲೇ ತಿಳಿದೀತು. ಕೂಟದ ಸ್ಥಳದಲ್ಲಿ ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಒಬ್ಬ ಆರೋಗ್ಯ ಸಿಬ್ಬಂದಿ, ಹತ್ತಿರದಲ್ಲಿ ಆಂಬುಲೆನ್ಸ್ ಇಲ್ಲದಿದ್ದರೆ ಸೀಟಿ ಊದಲು ಅನುಮತಿಯೇ ಇರಬಾರದು.

ಪ್ರವೇಶಪತ್ರದ ಕೊನೆಗೆ ಇನ್ನೊಂದು ಸಾಲು ಸೇರಲಿ. ಅದನ್ನು ತುಂಬಬೇಕಾದದ್ದು ಮಗುವೂ ಅಲ್ಲ, ಪೋಷಕರೂ ಅಲ್ಲ. ‘ಈ ಮಗುವಿನ ಹೊಣೆ ನಮ್ಮದು’ ಎಂದು ಕೂಟ ನಡೆಸುವವರು ಅಲ್ಲಿ ಸಹಿ ಮಾಡಲಿ. ಓಟ ಆಮೇಲೆ ಆರಂಭವಾಗಲಿ.