ಫಿಸಿಕಲ್ ಥೆರಪಿಗೆ ಹೊರಟಿದ್ದೀರಾ? ಒಂದು ನಿಮಿಷ!

ಷಿಕಾಗೊ ಪಕ್ಕದ ನೇಪರ್‌ವಿಲ್‌ನಲ್ಲೋ ಡೆಟ್ರಾಯಿಟ್ ಕಡೆಯ ನೋವೈ, ಟ್ರಾಯ್‌ನಲ್ಲೋ ಇರೋ ಕನ್ನಡಿಗರೇ, ಮಂಡಿ ನೋವು, ಸೊಂಟ ನೋವು ಅಂತ ಥೆರಪಿಗೆ ಹೊರಟಿದ್ದೀರಾ?

ಡಾಕ್ಟರ ಚೀಟಿ ಇಲ್ಲದೆಯೂ ನೇರವಾಗಿ ಹೋಗಬಹುದು. ಮಿಷಿಗನ್‌ನಲ್ಲಿ 2015ರಿಂದ, ಇಲಿನಾಯ್‌ನಲ್ಲಿ 2018ರಿಂದ ಕಾನೂನೇ ಒಪ್ಪಿದೆ. ಆದರೆ ಮಿತಿ ಇದೆ. ಮಿಷಿಗನ್‌ನಲ್ಲಿ ಚೀಟಿ ಇಲ್ಲದೆ 21 ದಿನ ಅಥವಾ 10 ಸಲ, ಯಾವುದು ಮೊದಲೋ ಅಷ್ಟೇ. ಇಲಿನಾಯ್‌ನಲ್ಲಿ 10 ಭೇಟಿ ಅಥವಾ 15 ಕೆಲಸದ ದಿನಗಳಲ್ಲಿ ಸುಧಾರಣೆ ಕಾಣದಿದ್ದರೆ ಡಾಕ್ಟರ ಹತ್ತಿರ ಕಳಿಸಲೇಬೇಕು.

ಕಾನೂನು ಒಪ್ಪಿತು ಅಂತ ಇನ್ಶೂರೆನ್ಸ್ ಒಪ್ಪಬೇಕಿಲ್ಲ! ಮೊದಲೇ ಫೋನ್ ಮಾಡಿ ಕೇಳಿ. ಕೋಪೇ ಸಾಮಾನ್ಯವಾಗಿ ಪ್ರತಿ ಭೇಟಿಗೂ ಬೀಳುತ್ತೆ. ಊರಿಂದ ಬಂದ ಅಪ್ಪ-ಅಮ್ಮನ ಹಳೇ ಮಂಡಿ ನೋವಿಗೆ ವಿಸಿಟರ್ ಇನ್ಶೂರೆನ್ಸ್ ಹೆಚ್ಚಾಗಿ ದುಡ್ಡು ಕೊಡಲ್ಲ.

ಮೊದಲ ದಿನ ಮಸಾಜ್ ಸಿಗುತ್ತೆ ಅಂದ್ಕೋಬೇಡಿ, ಬಹುಪಾಲು ಪರೀಕ್ಷೆನೇ. ಮಂಡಿ ಎಷ್ಟು ಡಿಗ್ರಿ ಮಡಚುತ್ತೆ ಅಂತ ಅಳೀತಾರೆ. ಹಾಗಾಗಿ ಸೀರೆ, ಬಿಗಿ ಜೀನ್ಸ್ ಬೇಡ. ನೋವು ಹತ್ತರಲ್ಲಿ ಎಷ್ಟು ಅಂತ ಕೇಳ್ತಾರೆ. ನಮ್ಮ ಅಮ್ಮಂದಿರೋ, ಏಳಿದ್ದರೂ 'ಪರವಾಗಿಲ್ಲ, ಮೂರು' ಅಂತಾರೆ! ಇದ್ದದ್ದು ಇದ್ದ ಹಾಗೆ ಹೇಳಿ. 'ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಪೂಜೆ ಮಾಡಬೇಕು' ಅನ್ನೋದನ್ನೂ ಬಿಡಿಸಿ ಹೇಳಿ. ಅಲ್ಲಿನವರಿಗೆ ತಾನಾಗಿ ಹೊಳೆಯಲ್ಲ. ಇಂಗ್ಲಿಷ್ ಕಷ್ಟವಾದರೆ ಅಪಾಯಿಂಟ್‌ಮೆಂಟ್ ತಗೊಳ್ಳುವಾಗಲೇ ಕನ್ನಡ ದುಭಾಷಿ ಬೇಕು ಅನ್ನಿ.

ಮನೆಯಲ್ಲಿ ಮಾಡೋಕೆ ಕೊಟ್ಟ ವ್ಯಾಯಾಮ ತಪ್ಪಿಸಬೇಡಿ. ಆದರೆ ಸೊಂಟ ನೋವಿನ ಜೊತೆ ಕಾಲಿನ ಬಲ ಹೋದರೆ, ಮೂತ್ರದ ಹಿಡಿತ ತಪ್ಪಿದರೆ ಥೆರಪಿಗೆ ಕಾಯಬೇಡಿ. ಸೀದಾ ಎಮರ್ಜೆನ್ಸಿಗೆ ಹೋಗಿ.