ಚಳಿಗಾಲದಲ್ಲಿ ಆವಿಯಾಗುವ ಸರೋವರ

ಬೇಸಿಗೆ ಬಂದರೆ ಕೆರೆ ಬತ್ತುತ್ತದೆ, ಚಳಿಗಾಲದಲ್ಲಿ ನೀರು ಅಷ್ಟಾಗಿ ಇಳಿಯುವುದಿಲ್ಲ. ನಾವು ಕಂಡುಂಡ ಲೆಕ್ಕ ಇದು. ಉತ್ತರ ಅಮೆರಿಕದ ಸುಪೀರಿಯರ್ ಸರೋವರದಲ್ಲಿ ಈ ಲೆಕ್ಕ ತಲೆಕೆಳಗು. ಸುಮಾರು 82,000 ಚದರ ಕಿಲೋಮೀಟರ್ ಹರಡಿರುವ ಈ ಸಿಹಿನೀರಿನ ಸರೋವರದಿಂದ ಜೂನ್‌ನಲ್ಲಿ ಆವಿಯಾಗುವುದು ಅತ್ಯಲ್ಪ. ನೀರು ಭರದಿಂದ ಆವಿಯಾಗುವುದು ಶರತ್ಕಾಲದ ಕೊನೆಯಿಂದ ಚಳಿಗಾಲದವರೆಗೆ. ವಿಜ್ಞಾನಿಗಳು ಇದನ್ನು ಮೊದಲೇ ಅಂದಾಜು ಮಾಡಿದ್ದರು. ಆದರೆ ನಡುನೀರಿನಲ್ಲೇ ನಿಂತು ಅಳೆಯಲು ನೆರವಾದದ್ದು 19ನೇ ಶತಮಾನದ ಒಂದು ದೀಪಸ್ತಂಭ: ಸ್ಟ್ಯಾನರ್ಡ್ ರಾಕ್.

ಅಲ್ಲಿ ನೀರಿನಡಿ ಬಂಡೆಯೊಂದು ಅಡಗಿದೆ ಎಂದು ಚಾರ್ಲ್ಸ್ ಸ್ಟ್ಯಾನರ್ಡ್ ಎಂಬ ಹಡಗಿನ ಕಪ್ತಾನ ಪತ್ತೆ ಮಾಡಿದ್ದು 1835ರಲ್ಲಿ. ಅತಿ ಹತ್ತಿರದ ನೆಲವೆಂದರೆ ಸುಮಾರು 39 ಕಿಲೋಮೀಟರ್ ದೂರದ ಮ್ಯಾನಿಟೌ ದ್ವೀಪ. 1855ರಲ್ಲಿ ಸುಪೀರಿಯರ್‌ಗೆ ಹಡಗುಗಳ ದಾರಿಯಾದ ಸೂ ಕಾಲುವೆ ತೆರೆದ ಮೇಲೆ ಕಬ್ಬಿಣದ ಅದಿರು ಹೊತ್ತ ಹಡಗುಗಳ ಓಡಾಟ ಹೆಚ್ಚಿತು, ಬಂಡೆಯ ಭಯವೂ ಹೆಚ್ಚಿತು. 1877ರಲ್ಲಿ ಶುರುವಾದ ಕಟ್ಟೋಣ ಐದು ವರ್ಷ ಹಿಡಿಯಿತು. 1882ರಲ್ಲಿ ದೀಪ ಬೆಳಗಿತು.

ಕಟ್ಟಿದವರಿಗೆ ಅಲೆಗಿಂತ ಹೆಚ್ಚಿನ ಚಿಂತೆ ಮಂಜುಗಡ್ಡೆಯದು. ಗಾಳಿಗೆ ತೇಲಿಬರುವ ಗಡ್ಡೆಗಳ ರಾಶಿ ಹಗುರವಾದ ಯಾವ ಕಟ್ಟಡವನ್ನೂ ನೂಕಿಬಿಡುತ್ತದೆ. ಅದಕ್ಕೇ ಸುಮಾರು 19 ಮೀಟರ್ ಅಗಲದ ದುಂಡನೆಯ ಕಬ್ಬಿಣದ ಚೌಕಟ್ಟನ್ನು ಬಂಡೆಯ ಮೇಲೆ ಕೂರಿಸಿ, ಒಳಗೆ ಕಾಂಕ್ರೀಟ್ ತುಂಬಿ, ಅದರ ಮೇಲೆ ಸುಣ್ಣಕಲ್ಲಿನ ಗೋಪುರ ಎಬ್ಬಿಸಿದರು. 1961ರಲ್ಲಿ ಇಂಧನ ಸ್ಫೋಟಿಸಿ ಒಬ್ಬ ಸಿಬ್ಬಂದಿ ಸತ್ತ. ಮರುವರ್ಷದಿಂದ ದೀಪ ತಾನಾಗಿ ಉರಿಯುವಂತಾಯಿತು, ಅಲ್ಲಿ ವಾಸಿಸುವವರು ಯಾರೂ ಉಳಿಯಲಿಲ್ಲ.

2008ರಲ್ಲಿ ವಿಜ್ಞಾನಿಗಳು ಗೋಪುರದ ಮೇಲೆ ಉಪಕರಣಗಳನ್ನು ಜೋಡಿಸಿದರು. ಗಾಳಿ ನೇರವಾಗಿ ಬೀಸುವಂತೆ ತೋರಿದರೂ ಅದರೊಳಗೆ ಚಿಕ್ಕ ದೊಡ್ಡ ಸುಳಿಗಳು ಮೇಲೇಳುತ್ತ ಕೆಳಗಿಳಿಯುತ್ತ ಇರುತ್ತವೆ. ನೀರು ಆವಿಯಾಗುತ್ತಿದ್ದರೆ ಮೇಲೇಳುವ ಸುಳಿಯಲ್ಲಿ ತೇವ ಹೆಚ್ಚು, ಇಳಿಯುವ ಸುಳಿಯಲ್ಲಿ ಕಡಿಮೆ. ಒಂದು ಉಪಕರಣ ಶಬ್ದದ ಅಲೆ ಕಳಿಸಿ ಸುಳಿಯ ವೇಗ ಹಿಡಿಯುತ್ತದೆ. ಇನ್ನೊಂದು, ಬೆಳಕಿನ ಕಿರಣವನ್ನು ಆವಿ ಎಷ್ಟು ಹೀರಿತು ಎಂಬುದರಿಂದ ತೇವ ತಿಳಿಯುತ್ತದೆ. ಸೆಕೆಂಡಿಗೆ ಹಲವು ಬಾರಿ ನಡೆಯುವ ಈ ಎರಡೂ ಅಳತೆಗಳನ್ನು ಕೂಡಿಸಿ ನೋಡಿದರೆ ಎಷ್ಟು ನೀರು ಆಕಾಶಕ್ಕೆ ಹೋಯಿತೆಂಬ ಲೆಕ್ಕ ಸಿಗುತ್ತದೆ.

ಈ ಕೆಲಸಕ್ಕೆ, ಲಂಗರು ಹಾಕಿ ನೀರಿನ ಮೇಲೆ ತೇಲಬಿಡುವ ಅಳತೆಯ ತೇಲುಬುರುಡೆಗಳು ಸಾಲವು. ಅವು ಅಲೆಯೊಡನೆ ಓಲಾಡುತ್ತವೆ. ಸಾಲದ್ದಕ್ಕೆ, ಮಂಜುಗಡ್ಡೆಗೆ ಸಿಕ್ಕಿ ಹಾಳಾಗಬಾರದೆಂದು ಚಳಿಗಾಲಕ್ಕೆ ಮುಂಚೆ ಅವನ್ನು ಎತ್ತಿಬಿಡುತ್ತಾರೆ. ಆವಿಯ ಸುಗ್ಗಿ ಶುರುವಾಗುವುದೇ ಆಗ!

ಚಳಿಯಲ್ಲೇಕೆ ಹೀಗೆ? ಸುಪೀರಿಯರ್‌ನ ಸರಾಸರಿ ಆಳ 150 ಮೀಟರ್‌ನ ಆಸುಪಾಸು. ಇಷ್ಟು ನೀರು ಕಾಯುವುದೂ ನಿಧಾನ, ಆರುವುದೂ ನಿಧಾನ. ಬೇಸಿಗೆ ಬಂದರೂ ನೀರು ಇನ್ನೂ ತಣ್ಣಗೇ ಇರುವುದರಿಂದ ಅದಕ್ಕೆ ತಾಗಿದ ಗಾಳಿಯೂ ತಣ್ಣಗಾಗಿ, ಭಾರವಾಗಿ, ಮೇಲೇಳದೆ ಅಲ್ಲೇ ಉಳಿಯುತ್ತದೆ. ಒಮ್ಮೊಮ್ಮೆ ಗಾಳಿಯ ತೇವವೇ ಇಬ್ಬನಿಯಾಗಿ ಸರೋವರಕ್ಕೆ ಇಳಿಯುವುದುಂಟು. ನವೆಂಬರ್ ಹೊತ್ತಿಗೆ ನೀರಿನಲ್ಲಿ ಬೇಸಿಗೆಯ ಕಾವು ಉಳಿದಿರುತ್ತದೆ, ಉತ್ತರದಿಂದ ಬೀಸುವ ಗಾಳಿ ಕೊರೆಯುವಷ್ಟು ತಣ್ಣಗೆ, ಒಣಗಿ ಬರುತ್ತದೆ. ಆಗ ನೀರು ಬಿಡುವಿಲ್ಲದೆ ಆವಿಯಾಗುತ್ತದೆ. ಆ ಆವಿಯಲ್ಲಿ ಒಂದು ಪಾಲು ದಡದ ಊರುಗಳ ಮೇಲೆ ಹಿಮವಾಗಿ ಸುರಿಯುತ್ತದೆ.

ಮಂಜುಗಡ್ಡೆ ಸರೋವರಕ್ಕೆ ಮುಚ್ಚಳ ಹಾಕಿ ನೀರು ಉಳಿಸುತ್ತದೆ ಎನ್ನುವುದು ಅರ್ಧ ಸತ್ಯ. ಆವಿಯಾಗುವಾಗ ನೀರು ತನ್ನ ಶಾಖ ಕಳೆದುಕೊಳ್ಳುತ್ತದೆ, ಹಾಗೆ ತಣಿದ ಮೇಲೆಯೇ ಗಡ್ಡೆ ಕಟ್ಟುತ್ತದೆ. ಹಾಗಾಗಿ ದಟ್ಟ ಗಡ್ಡೆ ಕಟ್ಟುವ ಮುನ್ನವೇ ಸಾಕಷ್ಟು ನೀರು ಹೋಗಿರುತ್ತದೆ. ಗಡ್ಡೆಯ ನಿಜವಾದ ಉಪಕಾರ ಕಾಣುವುದು ಆಮೇಲೆ: ಅದು ಕರಗುವುದು ತಡವಾದರೆ ನೀರು ಕಾಯುವುದೂ ತಡ, ಮುಂದಿನ ಆವಿಯ ಕಾಲವೂ ತಡ. ಹೀಗಾಗಿ ಸರೋವರದ ಮಟ್ಟ ಏರುತ್ತದೋ ಇಳಿಯುತ್ತದೋ ಎಂದು ಅಂದಾಜು ಮಾಡುವವರು ಬರುವ ಮಳೆಯನ್ನಷ್ಟೇ ನೋಡಿದರೆ ಸಾಲದು, ಕಳೆದ ಚಳಿಗಾಲದ ಲೆಕ್ಕವನ್ನೂ ಜೊತೆಗಿಟ್ಟುಕೊಳ್ಳಬೇಕು.