ಗಣಕಯಂತ್ರದೊಂದಿಗೆ ಬಂದ ವಿಂಡೋಸ್ ಪರವಾನಗಿ: ಮತ್ತೊಂದು ಯಂತ್ರಕ್ಕೆ ವರ್ಗಾಯಿಸಬಹುದೇ?

ಗ್ರಾಮ ಪಂಚಾಯಿತಿ ಕಚೇರಿಯ ಗಣಕಯಂತ್ರ ಹಳೆಯದಾದಾಗ ಹೊಸದನ್ನು ಖರೀದಿಸುವ ಪ್ರಸ್ತಾವ ಸಾಮಾನ್ಯ ಸಭೆಯ ಮುಂದೆ ಬರುತ್ತದೆ. ಸ್ವೀಕೃತವಾದ ದರಪಟ್ಟಿಗಳಲ್ಲಿ ಒಂದರ ಮೊತ್ತ ಉಳಿದವುಗಳಿಗಿಂತ ಗಣನೀಯವಾಗಿ ಕಡಿಮೆ ಇರುವುದುಂಟು. ಕಾರಣ ವಿಚಾರಿಸಿದರೆ, "ಇದು ಯಂತ್ರದ ದರ ಮಾತ್ರ, ಹಳೆಯ ಕಂಪ್ಯೂಟರಿನ ವಿಂಡೋಸನ್ನೇ ಇದಕ್ಕೂ ಹಾಕಿಕೊಡುತ್ತೇವೆ" ಎಂಬ ಉತ್ತರ ಬರುತ್ತದೆ. ಪಂಚಾಯಿತಿಯ ಹಣ ಉಳಿಸುವಂತೆ ಕಾಣುವ ಈ ಏರ್ಪಾಡು ಬಹುತೇಕ ಸಂದರ್ಭಗಳಲ್ಲಿ ಪರವಾನಗಿಯ ಷರತ್ತಿಗೆ ವಿರುದ್ಧವಾದುದು. ಒಪ್ಪಿಗೆ ನೀಡುವ ಮುನ್ನ ಸದಸ್ಯರು ತಿಳಿದಿರಬೇಕಾದ ಅಂಶಗಳನ್ನು ಇಲ್ಲಿ ವಿವರಿಸಲಾಗಿದೆ.

ಪರವಾನಗಿಯ ಮೂರು ಬಗೆ

ಗಣಕಯಂತ್ರವನ್ನು ನಡೆಸುವ ಮೂಲ ತಂತ್ರಾಂಶಕ್ಕೆ ಆಪರೇಟಿಂಗ್ ಸಿಸ್ಟಂ ಎಂದು ಹೆಸರು. ಮೈಕ್ರೋಸಾಫ್ಟ್ ಸಂಸ್ಥೆಯ ವಿಂಡೋಸ್ ಅವುಗಳಲ್ಲೊಂದು. ಖರೀದಿಯ ನಂತರ ಯಂತ್ರವು ಪಂಚಾಯಿತಿಯ ಸ್ವತ್ತಾಗುತ್ತದೆ. ಆದರೆ ವಿಂಡೋಸ್ ವಿಷಯದಲ್ಲಿ ದೊರೆಯುವುದು ನಿಗದಿತ ಷರತ್ತುಗಳಂತೆ ಬಳಸುವ ಅನುಮತಿ ಮಾತ್ರ. ಈ ಅನುಮತಿಯೇ ಪರವಾನಗಿ. ಅದು ಮುಖ್ಯವಾಗಿ ಮೂರು ಬಗೆಯಲ್ಲಿ ದೊರೆಯುತ್ತದೆ.

1. ಓಇಎಂ ಪರವಾನಗಿ: ತಯಾರಕರು ಯಂತ್ರವನ್ನು ಮಾರುವ ಮೊದಲೇ ಅಳವಡಿಸಿ ಕೊಡುವಂಥದು. ಇದು ಮೊದಲು ಅಳವಡಿಸಿದ ಯಂತ್ರಕ್ಕೆ ಮಾತ್ರ ಸಲ್ಲುತ್ತದೆ. ಯಂತ್ರವನ್ನು ಬಿಟ್ಟು ಪರವಾನಗಿಯನ್ನು ಪ್ರತ್ಯೇಕವಾಗಿ ಬೇರೆಡೆಗೆ ವರ್ಗಾಯಿಸಲು ಅವಕಾಶವಿಲ್ಲ.

2. ರಿಟೇಲ್ ಪರವಾನಗಿ: ಪ್ರತ್ಯೇಕವಾಗಿ ಹಣ ತೆತ್ತು ಖರೀದಿಸಿದುದು. ಇದನ್ನು ಮತ್ತೊಂದು ಯಂತ್ರಕ್ಕೆ ವರ್ಗಾಯಿಸಬಹುದು. ಆದರೆ ಹಳೆಯ ಯಂತ್ರದಿಂದ ತೆಗೆದುಹಾಕತಕ್ಕದ್ದು.

3. ವಾಲ್ಯೂಮ್ ಪರವಾನಗಿ: ಸಂಸ್ಥೆಗಳು ಒಪ್ಪಂದದ ಮೂಲಕ ಅನೇಕ ಯಂತ್ರಗಳಿಗೆ ಪಡೆಯುವಂಥದು. ಕಚೇರಿ ಗಣಕಯಂತ್ರಗಳ ವಿಂಡೋಸ್ ಮಟ್ಟಿಗೆ ಇದು ಮೇಲ್ದರ್ಜೆಯ ಪರವಾನಗಿ. ಯಂತ್ರದಲ್ಲಿ ಅರ್ಹವಾದ ಮೂಲ ಪರವಾನಗಿ ಮೊದಲೇ ಇರಬೇಕು.

ಹೆಸರಾಂತ ತಯಾರಕರ ಯಂತ್ರಗಳನ್ನು ವಿಂಡೋಸ್ ಸಹಿತ ಖರೀದಿಸಿದ್ದಲ್ಲಿ ಅದರ ಪರವಾನಗಿ ಸಾಮಾನ್ಯವಾಗಿ ಮೊದಲನೆಯ ಬಗೆಯದು. ತಯಾರಕರಿಗೆ ಅದು ಕಡಿಮೆ ದರದಲ್ಲಿ ದೊರೆಯುತ್ತದೆ. ಒಂದೇ ಯಂತ್ರಕ್ಕೆ ಸೀಮಿತವೆಂಬ ಷರತ್ತೂ ಅದರೊಂದಿಗೇ ಬರುತ್ತದೆ. ವಿಮೆ ಮಾಡಿಸಿದ ಹಸುವಿನ ಕಿವಿಗೆ ಹಾಕಿದ ಓಲೆಯನ್ನು ಬಿಚ್ಚಿ ಕೊಟ್ಟಿಗೆಯ ಇನ್ನೊಂದು ಹಸುವಿಗೆ ಹಾಕಿದರೆ ವಿಮೆ ಅದಕ್ಕೆ ಸಲ್ಲುವುದಿಲ್ಲ. ಓಇಎಂ ಪರವಾನಗಿಯ ಸ್ಥಿತಿಯೂ ಹಾಗೆಯೇ.

ದುರಸ್ತಿಯಾದರೆ ಪರವಾನಗಿ ಉಳಿಯುವುದೇ?

ವಿಂಡೋಸ್ 7ರ ಕಾಲದಲ್ಲಿ ಪರವಾನಗಿಯ ಕೀಲಿ ಸಂಖ್ಯೆಯನ್ನು ಯಂತ್ರದ ಹೊರಮೈಗೆ ಅಂಟಿಸಿದ ಚೀಟಿಯಲ್ಲಿ ಮುದ್ರಿಸಲಾಗುತ್ತಿತ್ತು. 2012ರಲ್ಲಿ ವಿಂಡೋಸ್ 8 ಬಂದ ನಂತರ ತಯಾರಕರು ಅದನ್ನು ಮದರ್‌ಬೋರ್ಡ್‌ನಲ್ಲಿಯೇ ದಾಖಲಿಸತೊಡಗಿದರು. ಆದುದರಿಂದ ಹಾರ್ಡ್ ಡಿಸ್ಕ್ ಬದಲಿಸಿದರೂ, ರ‍್ಯಾಮ್ ಹೆಚ್ಚಿಸಿದರೂ ಪರವಾನಗಿಗೆ ಬಾಧೆಯಿಲ್ಲ. ಅದೇ ಆವೃತ್ತಿಯ ವಿಂಡೋಸನ್ನು ಮತ್ತೆ ಅಳವಡಿಸಬಹುದು.

ಮದರ್‌ಬೋರ್ಡ್‌ನ ವಿಷಯ ಬೇರೆ. ಅದು ದೋಷದಿಂದ ಕೆಟ್ಟು, ತಯಾರಕರ ಸೇವಾ ಕೇಂದ್ರದವರು ಅದೇ ಮಾದರಿಯ ಅಥವಾ ಅದಕ್ಕೆ ಸಮಾನವಾದುದನ್ನು ಹಾಕಿಕೊಟ್ಟಲ್ಲಿ ಪರವಾನಗಿ ಮುಂದುವರಿಯುತ್ತದೆ. ಯಂತ್ರದ ಸಾಮರ್ಥ್ಯ ಹೆಚ್ಚಿಸಲೆಂದು ಬೇರೊಂದು ಮದರ್‌ಬೋರ್ಡ್ ಹಾಕಿಸಿದರೆ ಅದು ಹೊಸ ಯಂತ್ರವೆಂದೇ ಪರಿಗಣಿತವಾಗಿ ಹೊಸ ಪರವಾನಗಿ ಬೇಕಾಗುತ್ತದೆ. ಆದ್ದರಿಂದ ಮದರ್‌ಬೋರ್ಡ್ ಬದಲಿಸಿದಾಗ ಕಾರಣವನ್ನು ನಮೂದಿಸಿದ ಸೇವಾ ವರದಿಯನ್ನು ಪಡೆದು ಕಡತದಲ್ಲಿ ಇರಿಸುವುದು ಅಗತ್ಯ.

ಹಳೆಯ ಯಂತ್ರವನ್ನು ಅರಿವು ಕೇಂದ್ರಕ್ಕೋ ಶಾಲೆಗೋ ನೀಡುವಾಗ

ಓಇಎಂ ಪರವಾನಗಿಯು ಯಂತ್ರದೊಂದಿಗೆ ಹೊಸ ಬಳಕೆದಾರರಿಗೆ ಹೋಗಬಹುದು. ಹಸ್ತಾಂತರಕ್ಕೆ ಮುನ್ನ ಸಾರ್ವಜನಿಕರ ಅರ್ಜಿ, ಆಸ್ತಿ ವಿವರ, ಪಾಸ್‌ವರ್ಡ್ ಮೊದಲಾದ ಮಾಹಿತಿಗಳ ಪ್ರತಿ ತೆಗೆದಿರಿಸಿಕೊಂಡು ಹಾರ್ಡ್ ಡಿಸ್ಕ್ ಅನ್ನು ಸಂಪೂರ್ಣವಾಗಿ ಅಳಿಸತಕ್ಕದ್ದು. ಕೀಲಿ ಸಂಖ್ಯೆಯು ಮದರ್‌ಬೋರ್ಡ್‌ನಲ್ಲಿರುವ ಯಂತ್ರಗಳಲ್ಲಿ ಹೀಗೆ ಅಳಿಸುವುದರಿಂದ ಪರವಾನಗಿ ನಷ್ಟವಾಗುವುದಿಲ್ಲ. ಚೀಟಿಯಿರುವ ಯಂತ್ರವಾದರೆ ಚೀಟಿಯನ್ನು ಕೀಳಬಾರದು.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಮುಗಿದಿದೆ ಎಂಬುದೂ ಗಮನಾರ್ಹ. ಟಿಪಿಎಂ 2.0 ಭದ್ರತಾ ಸೌಲಭ್ಯ, 4 ಜಿಬಿ ರ‍್ಯಾಮ್, 64 ಜಿಬಿ ಸಂಗ್ರಹ ಸಾಮರ್ಥ್ಯ ಹಾಗೂ ಅರ್ಹ ಪ್ರೊಸೆಸರ್ ಇರುವ ಯಂತ್ರವನ್ನು ಅದೇ ಪರವಾನಗಿಯ ಮೇಲೆ ವಿಂಡೋಸ್ 11ಕ್ಕೆ ಶುಲ್ಕವಿಲ್ಲದೆ ಏರಿಸಬಹುದು. ಈ ಅರ್ಹತೆ ಇಲ್ಲದ ಯಂತ್ರಗಳಿಗೆ ಉಬುಂಟು ಅಥವಾ ಸಿ-ಡ್ಯಾಕ್ ಸಂಸ್ಥೆ ರೂಪಿಸಿರುವ ಬಾಸ್ ಲಿನಕ್ಸ್ ಸೂಕ್ತ ಪರ್ಯಾಯ. ಇವುಗಳನ್ನು ಎಷ್ಟು ಯಂತ್ರಗಳಿಗೆ ಬೇಕಾದರೂ ಪರವಾನಗಿ ಶುಲ್ಕವಿಲ್ಲದೆ ಅಳವಡಿಸಬಹುದು. ಓದು, ಅಂತರ್ಜಾಲ ಬಳಕೆ ಮತ್ತು ಬೆರಳಚ್ಚಿನ ಕೆಲಸಕ್ಕೆ ಅವು ಸಾಕು. ಆದರೆ ಕಚೇರಿಯ ಮುಖ್ಯ ಯಂತ್ರಕ್ಕೆ ಅಳವಡಿಸುವ ಮೊದಲು ಡಿಜಿಟಲ್ ಸಹಿಯ ಸಾಧನ ಮತ್ತು ಮುದ್ರಕಗಳು ಅದರಲ್ಲಿ ಕೆಲಸ ಮಾಡುವುದನ್ನು ಪರೀಕ್ಷಿಸಿ ನೋಡಬೇಕು.

ನಿಯಮ ಮೀರಿದರೆ ಆಗುವುದೇನು?

ಹಳೆಯ ಯಂತ್ರದ ಪರವಾನಗಿ ಹೊಸದರಲ್ಲಿ ಸಕ್ರಿಯಗೊಳ್ಳದಿದ್ದಾಗ ಕೆಲವರು ಕೃತಕವಾಗಿ ಸಕ್ರಿಯಗೊಳಿಸುವ ತಂತ್ರಾಂಶವನ್ನು ಬಳಸುತ್ತಾರೆ. ಅದಕ್ಕಾಗಿ ವೈರಸ್ ರಕ್ಷಣೆಯನ್ನು ಸ್ಥಗಿತಗೊಳಿಸಬೇಕಾಗುವುದುಂಟು. ಇ-ಸ್ವತ್ತು ಮತ್ತು ಪಂಚತಂತ್ರದ ಕೆಲಸ ನಡೆಯುವ, ಡಿಜಿಟಲ್ ಸಹಿ ಬಳಸುವ ಯಂತ್ರದಲ್ಲಿ ಇಂತಹ ತಂತ್ರಾಂಶ ಸೇರಿದರೆ ಗ್ರಾಮಸ್ಥರ ಆಸ್ತಿ ದಾಖಲೆ ಹಾಗೂ ಪಂಚಾಯಿತಿಯ ಹಣ ಎರಡೂ ಅಪಾಯಕ್ಕೆ ಸಿಲುಕುತ್ತವೆ.

ಕೃತಿಸ್ವಾಮ್ಯ ಅಧಿನಿಯಮ, 1957ರ 63ಬಿ ಪ್ರಕರಣದ ಪ್ರಕಾರ, ಉಲ್ಲಂಘನೆಯ ಪ್ರತಿಯೆಂದು ತಿಳಿದೂ ತಂತ್ರಾಂಶವನ್ನು ಗಣಕಯಂತ್ರದಲ್ಲಿ ಬಳಸುವುದು ಅಪರಾಧ. ಅದಕ್ಕೆ 7 ದಿನಗಳಿಂದ 3 ವರ್ಷಗಳವರೆಗೆ ಸೆರೆವಾಸ ಮತ್ತು 50,000 ರೂಪಾಯಿಗಳಿಂದ 2 ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಬಹುದು. ಲಾಭಕ್ಕಾಗಿ ಅಥವಾ ವ್ಯಾಪಾರ ವ್ಯವಹಾರದಲ್ಲಿ ಬಳಸಿಲ್ಲದಿದ್ದಲ್ಲಿ ನ್ಯಾಯಾಲಯವು ಕಾರಣಗಳನ್ನು ದಾಖಲಿಸಿ, ಸೆರೆವಾಸ ವಿಧಿಸದೆ 50,000 ರೂಪಾಯಿಗಳವರೆಗೆ ದಂಡ ವಿಧಿಸಬಹುದು.

ಸಭೆಯಲ್ಲಿ ಸದಸ್ಯರು ಕೇಳಬೇಕಾದ ಪ್ರಶ್ನೆಗಳು

1. ದರಪಟ್ಟಿಯಲ್ಲಿ ಆಪರೇಟಿಂಗ್ ಸಿಸ್ಟಂ ಸೇರಿದೆಯೇ? ಸೇರಿದ್ದರೆ ಅದರ ಹೆಸರು, ಆವೃತ್ತಿ ಮತ್ತು ಪರವಾನಗಿಯ ಬಗೆ ನಮೂದಾಗಿದೆಯೇ?

2. ಎಲ್ಲ ದರಪಟ್ಟಿಗಳೂ ಒಂದೇ ಆಧಾರದ ಮೇಲಿವೆಯೇ? ವಿಂಡೋಸ್ ಸಹಿತ ದರವನ್ನು ವಿಂಡೋಸ್ ರಹಿತ ದರದೊಂದಿಗೆ ಹೋಲಿಸಿದರೆ ಕನಿಷ್ಠ ದರವೆಂಬುದು ಕೇವಲ ತೋರಿಕೆಯದಾಗುತ್ತದೆ.

3. ಹಳೆಯ ಪರವಾನಗಿಯನ್ನೇ ಬಳಸುವುದಾಗಿ ಸರಬರಾಜುದಾರರು ಹೇಳಿದಲ್ಲಿ, ಅದು ರಿಟೇಲ್ ಪರವಾನಗಿ ಎಂಬುದಕ್ಕೆ ಖರೀದಿಯ ಬಿಲ್ಲು ಇದೆಯೇ?

4. ಹೊಸ ಯಂತ್ರ ಸ್ವೀಕರಿಸುವಾಗ ಡಾಟಾ ಎಂಟ್ರಿ ಆಪರೇಟರ್ ಪರವಾನಗಿಯ ಬಗೆಯನ್ನು ಯಂತ್ರದಲ್ಲಿಯೇ ಪರಿಶೀಲಿಸಿದ್ದಾರೆಯೇ?

ಯಂತ್ರದ ಕ್ರಮಸಂಖ್ಯೆಯ ಪಕ್ಕದಲ್ಲಿ ಪರವಾನಗಿಯ ಬಗೆ, ವಿಂಡೋಸ್ ಆವೃತ್ತಿ ಮತ್ತು ಬಿಲ್ಲಿನ ಸಂಖ್ಯೆಯನ್ನು ದಾಸ್ತಾನು ವಹಿಯಲ್ಲಿ ಬರೆದಿಟ್ಟಲ್ಲಿ ಮುಂದಿನ ಖರೀದಿ, ದುರಸ್ತಿ ಹಾಗೂ ಲೆಕ್ಕಪರಿಶೋಧನೆಯ ಸಂದರ್ಭಗಳಲ್ಲಿ ಉತ್ತರ ಸಿದ್ಧವಾಗಿರುತ್ತದೆ.